ಕುಳಗೇರಿ ಕ್ರಾಸಿನಲ್ಲಿ ಒಂದು ಗಂಟೆ: ಬೆರಳು, ಪರದೆ ಮತ್ತು ಏಕಕಾಲದ ಎರಡು ಕೆಲಸ



ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತೋಟಗಾರಿಕೆ ಮೇಳಕ್ಕೆ ನಮ್ಮ ಸಂಘದಿಂದ ಒಂದು ಬಸ್ಸು ಹೋಗಿ ಬಂದುದನ್ನು ತಾವು ಬಲ್ಲಿರಿ. ಮೇಳದಲ್ಲಿ ಕಂಡ ತಳಿಗಳು, ಸಲಕರಣೆಗಳು, ಕಾಳುಮೆಣಸಿನ ಸೊರಗು ರೋಗದ ಕುರಿತು ಕೇಳಿದ ಮಾತುಗಳು ಇವನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ. ಈ ಸಲ ಬರೆಯುತ್ತಿರುವುದು ಮೇಳದ ವಿಷಯವಲ್ಲ. ಮೇಳಕ್ಕೆ ಹೋಗುವ ದಾರಿಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಸಣ್ಣದಾದರೂ ನಮ್ಮ ಕಚೇರಿಯ ನಡವಳಿಕೆಯನ್ನು ತಕ್ಕಮಟ್ಟಿಗೆ ಬದಲಿಸಿದ ಸಂಗತಿಯಾದ್ದರಿಂದ ವಿಸ್ತಾರವಾಗಿಯೇ ಹೇಳುತ್ತೇವೆ.

ಶಿರಸಿ ಸೀಮೆಯಿಂದ ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿ ಕೊಣ್ಣೂರಿನ ಮಲಪ್ರಭಾ ಸೇತುವೆಯ ಮೇಲೆ ಬಂದಾಗ ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಕಡೆ ಬಾಗಿದರು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಈ ಸೇತುವೆಯೇ ಮುಳುಗಿ ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿ ಬಂದ್ ಆಗಿದ್ದುದು ಎಲ್ಲರ ನೆನಪಿನಲ್ಲಿತ್ತು. ಅಲ್ಲಿಂದ ಮುಂದೆ ಬಾದಾಮಿ ಕಡೆಗೆ ದಾರಿ ಒಡೆಯುವ ಕುಳಗೇರಿ ಕ್ರಾಸ್. ಬಸ್ಸಿನ ಹಿಂದಿನ ಟಯರು ಅಲ್ಲಿಗೇ ಎಂದು ಹಟ ಹಿಡಿದಂತೆ ಗಾಳಿ ಬಿಟ್ಟಿತು. ಡ್ರೈವರು ಒಂದು ಗಂಟೆ ಬೇಕು ಎಂದರು. ನಾವು ಹೋಟೆಲಿನ ಮುಂದಿನ ಬೆಂಚುಗಳಲ್ಲಿ ಕುಳಿತು ಮಿರ್ಚಿ ಭಜಿ, ಗಿರ್ಮಿಟ್ ತರಿಸಿದೆವು.

ನಮ್ಮೊಡನೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ಭಜಿಗೆ ಕೈ ಹಾಕಲಿಲ್ಲ. ಮೊಮ್ಮಗಳ ಕಾಲೇಜಿನ ಶುಲ್ಕ ಕಟ್ಟಲು ಅಂದೇ ಕೊನೆಯ ದಿನ. ಕಾಲೇಜಿನ ಬ್ಯಾಂಕ್ ಖಾತೆಯ ವಿವರವಿದ್ದ ಪತ್ರದ ಚಿತ್ರ ವಾಟ್ಸ್ಆ್ಯಪಿನಲ್ಲಿ ಬಂದಿತ್ತು. ಹಣ ಕಳಿಸುವ ಫಾರಂ ಬ್ಯಾಂಕಿನ ಆ್ಯಪಿನಲ್ಲಿತ್ತು. ಚಿತ್ರ ನೋಡಿದರೆ ಫಾರಂ ಕಾಣದು, ಫಾರಂ ನೋಡಿದರೆ ಚಿತ್ರ ಕಾಣದು. ಅವರು ಜೇಬಿನ ಪೆನ್ನು ತೆಗೆದು ಖಾತೆ ಸಂಖ್ಯೆಯನ್ನು ಎಡ ಅಂಗೈ ಮೇಲೆ ಬರೆದುಕೊಳ್ಳತೊಡಗಿದರು. ಅಂಕಿ ಬರೆದು ಮುಗಿಯುವಷ್ಟರಲ್ಲಿ ಬ್ಯಾಂಕಿನ ಆ್ಯಪು ಸಮಯ ಮೀರಿತೆಂದು ಬಾಗಿಲು ಮುಚ್ಚಿತು. ಎರಡನೆಯ ಸಲ ಐ.ಎಫ್.ಎಸ್.ಸಿ. ಸಂಕೇತ ತಪ್ಪು ಎಂದಿತು. ಆ ಸಂಕೇತದಲ್ಲಿ ಹನ್ನೊಂದು ಅಕ್ಷರಗಳು. ಐದನೆಯದು ಯಾವಾಗಲೂ ಸೊನ್ನೆ. ಅವರು ಅಂಗೈ ಮೇಲೆ ಬರೆದುಕೊಂಡದ್ದನ್ನು ‘ಓ’ ಎಂದು ಓದಿ ಒತ್ತಿದ್ದರು.

ಪಕ್ಕದ ಬೆಂಚಿನಲ್ಲಿ ಆ ಊರ ಕಡೆಯ ತರುಣನೊಬ್ಬ ಚಹಾ ಕುಡಿಯುತ್ತ ತನ್ನ ಫೋನು ನೋಡುತ್ತಿದ್ದ. ಅವನ ಪರದೆ ಎರಡು ಪಾಲಾಗಿತ್ತು. ಮೇಲಿನ ಅರ್ಧದಲ್ಲಿ ಉಳ್ಳಾಗಡ್ಡಿಯ ಮಾರುಕಟ್ಟೆ ದರದ ಪಟ್ಟಿ, ಕೆಳಗಿನ ಅರ್ಧದಲ್ಲಿ ಲೆಕ್ಕದ ಯಂತ್ರ. ದರ ನೋಡುತ್ತ ಕೆಳಗೆ ಗುಣಿಸುತ್ತಿದ್ದ. ನಮ್ಮ ಹಿರಿಯರ ಅಂಗೈ ಕಂಡು ನಕ್ಕ.

“ಅಜ್ಜಾರ, ಕೈ ಮ್ಯಾಲೆ ಯಾಕ ಬರಕೊಳ್ಳಾಕತ್ತೀರಿ? ಎರಡೂ ಒಮ್ಮೆಲೇ ಕಾಣೂ ಹಂಗ ಮಾಡಿಕೊಡ್ತೀನಿ, ಇಲ್ಲಿ ತರ್ರಿ.”

“ತಮ್ಮಾ, ನಮ್ಮಂಥವರಿಗೆ ಇದೆಲ್ಲ ಬರೂದಿಲ್ಲ ಮಾರಾಯ.”

“ನಿಮ್ಮ ಬಟ್ಟೀನ ಮಾಡ್ತೈತ್ರಿ, ನಾ ಏನೂ ಮಾಡಂಗಿಲ್ಲ.”

ಆ ಹುಡುಗ ಫೋನನ್ನು ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಹಿರಿಯರ ಕೈಯಲ್ಲೇ ಇರಿಸಿ ಬಾಯಿಯಲ್ಲಿ ಹೇಳಿಕೊಟ್ಟ. ಪರದೆಯ ಕೆಳ ಅಂಚಿನಿಂದ ಬೆರಳನ್ನು ಮೇಲಕ್ಕೆ ಎಳೆದು ನಡುವೆ ಒಂದು ಕ್ಷಣ ತಡೆಯಬೇಕು. ತೆರೆದಿರುವ ಆ್ಯಪುಗಳೆಲ್ಲ ಇಸ್ಪೀಟೆಲೆಯಂತೆ ಸಾಲಾಗಿ ಬರುತ್ತವೆ. ಪತ್ರದ ಚಿತ್ರವಿರುವ ಎಲೆಯ ತಲೆಯ ಮೇಲಿನ ಪುಟ್ಟ ಗುರುತನ್ನು ಮುಟ್ಟಿದರೆ ‘ಸ್ಪ್ಲಿಟ್ ಸ್ಕ್ರೀನ್’ ಎಂಬ ಮಾತು ಬರುತ್ತದೆ. ಅದನ್ನು ಒತ್ತಿ ಎರಡನೆಯ ಆ್ಯಪನ್ನು ಆರಿಸಿದರೆ ಮೇಲೊಂದು, ಕೆಳಗೊಂದು. ಮೂರನೆಯ ಪ್ರಯತ್ನಕ್ಕೆ ಹಿರಿಯರಿಗೆ ಸಾಧಿಸಿತು. ಮೇಲೆ ನೋಡುತ್ತ ಕೆಳಗೆ ಒತ್ತಿದರು. ಗುಪ್ತ ಸಂಖ್ಯೆ ಒತ್ತುವ ಹೊತ್ತಿಗೆ ಹುಡುಗ ತಾನಾಗಿಯೇ ರಸ್ತೆಯ ಕಡೆ ಮುಖ ತಿರುಗಿಸಿ ಕುಳಿತ. ಹಣ ಹೋಯಿತು. ತಣ್ಣಗಾದ ಭಜಿಯನ್ನು ಹಿರಿಯರು ಬಹಳ ಸಂತೋಷದಿಂದ ತಿಂದರು.

ಇದೇ ಹಿರಿಯರಿಗೆ ಕಳೆದ ಮಳೆಗಾಲದಲ್ಲಿ ಆದ ಅನ್ಯಾಯದಲ್ಲಿ ನಮ್ಮ ಪಾಲೂ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಅವರದು ಎರಡು ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಮೆಣಸು, ನಡುವೆ ಒಂದಿಷ್ಟು ಕಾಫಿ. ಬೆಳೆಯ ವಿವರವನ್ನು ಫೋನಿನಲ್ಲೇ ತುಂಬಿ, ತೋಟದಲ್ಲಿ ನಿಂತು ಚಿತ್ರ ತೆಗೆದು ಕಳಿಸಬೇಕಾಗಿತ್ತು. ಅರ್ಧ ತುಂಬಿರುವಾಗ ಒಂದು ಕರೆ ಬಂತು. ಮಾತಾಡಿ ಮರಳಿದರೆ ಫಾರಂ ಖಾಲಿ. ಮತ್ತೆ ತುಂಬುವಾಗ ಓ.ಟಿ.ಪಿ. ನೋಡಲು ಸಂದೇಶದ ಆ್ಯಪಿಗೆ ಹೋದರು. ಮರಳಿದರೆ ಮತ್ತೆ ಖಾಲಿ. ಕಚೇರಿಗೆ ಬಂದು ಕೇಳಿದಾಗ, ವಿಮೆಯ ಕಾಗದಗಳ ರಾಶಿಯಲ್ಲಿ ಮುಳುಗಿದ್ದ ನಾವು “ಅದೇನು ಮಹಾ ಕೆಲಸ, ಇನ್ನೊಂದು ಸಲ ತುಂಬಿ” ಎಂದು ಕಳಿಸಿಬಿಟ್ಟೆವು. ನಾಲ್ಕನೆಯ ಸಲ ಬೇಸತ್ತು ಅಡಿಕೆಯೊಂದನ್ನೇ ನಮೂದಿಸಿ ‘ಸೇವ್’ ಒತ್ತಿದರು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅವರು ಮೆಣಸಿಗೂ ಕಂತು ಕಟ್ಟಿದ್ದರು. ವಿಮೆಯ ಬೆಳೆಗೂ ದಾಖಲೆಯ ಬೆಳೆಗೂ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆಕ್ಷೇಪಣೆ ಹಾಕಿ, ಸ್ಥಳ ಪರಿಶೀಲನೆಯಾಗಿ, ಮೆಣಸು ಸೇರುವಷ್ಟರಲ್ಲಿ ಅವರು ಅಡಿಕೆಗೆ ಔಷಧಿ ಹೊಡೆಸುವ ಬಿಸಿಲಿನ ದಿನಗಳನ್ನು ಓಡಾಟದಲ್ಲಿ ಕಳೆದಿದ್ದರು. ಅಂಥ ದಿನಗಳು ಮಳೆಗಾಲದಲ್ಲಿ ಎಷ್ಟು ಸಿಗುತ್ತವೆ?

ಫಾರಂ ಖಾಲಿಯಾಗುವುದೇಕೆ? ನಾವು ವಿಚಾರಿಸಿ ತಿಳಿದುಕೊಂಡದ್ದು ಇಷ್ಟು. ಫೋನಿನ ಕೆಲಸದ ನೆನಪು ಎಂಬುದು ಚಾಲಿ ಹರವುವ ಅಂಗಳವಿದ್ದಂತೆ. ಅಂಗಳ ದೊಡ್ಡದಿದ್ದರೆ ನಿನ್ನೆಯ ಅಡಿಕೆಯೂ ಇರುತ್ತದೆ, ಇಂದಿನದೂ ಹಿಡಿಸುತ್ತದೆ. ಅಂಗಳ ಚಿಕ್ಕದಿದ್ದರೆ ಹೊಸ ಹೊರೆ ಬಂದಾಗ ಹಳೆಯದನ್ನು ಗುಡಿಸಿ ಬದಿಗೆ ತಳ್ಳಲೇಬೇಕು. ಕಡಿಮೆ ಬೆಲೆಯ ಫೋನಿನಲ್ಲಿ ಅಂಗಳ ಚಿಕ್ಕದು. ಕರೆ ಬಂದಾಗ, ಕ್ಯಾಮೆರಾ ತೆರೆದಾಗ, ಹಿಂದೆ ಸರಿದ ಆ್ಯಪನ್ನು ಫೋನು ತಾನೇ ಮುಚ್ಚಿಬಿಡುತ್ತದೆ. ಮುಚ್ಚುವ ಮುನ್ನ ತುಂಬಿದ್ದನ್ನು ಕಾಪಿಡುವಂತೆ ಆ್ಯಪು ಬರೆದವರು ವ್ಯವಸ್ಥೆ ಮಾಡಿರಬೇಕು. ಮಾಡಿರದಿದ್ದರೆ ಮೊದಲಿನಿಂದ ಶುರು. ಆದ್ದರಿಂದ ಏಕಕಾಲದಲ್ಲಿ ಎರಡು ಕೆಲಸ ಎಂದು ನಾವು ಹೇಳುವುದು ಬಹುಮಟ್ಟಿಗೆ ಒಂದರಿಂದ ಇನ್ನೊಂದಕ್ಕೆ ಹಾರುವ ಕೆಲಸವೇ. ಎರಡನ್ನೂ ಪರದೆಯ ಮೇಲೆ ಹಂಚಿ ಇಟ್ಟುಕೊಂಡರೆ ಹಾರುವ ಪ್ರಮೇಯವೇ ಕಡಿಮೆಯಾಗುತ್ತದೆ. ಕಣ್ಣ ಮುಂದಿರುವ ಆ್ಯಪನ್ನು ಫೋನು ಅಷ್ಟು ಸುಲಭವಾಗಿ ಗುಡಿಸುವುದಿಲ್ಲ.

ಹಾರುವ ವಿಷಯದಲ್ಲಿ ನಮ್ಮ ಕೊನೆಗೌಡನಿಗಿಂತ ಒಳ್ಳೆಯ ಗುರು ಬೇರಿಲ್ಲ. ಹೊಸಬ ಒಂದು ಮರದ ಕೊನೆ ಕೊಯ್ದು ಕೆಳಗಿಳಿದು ಮತ್ತೊಂದು ಮರ ಹತ್ತುತ್ತಾನೆ. ನುರಿತವನು ಮರವನ್ನೇ ಬಾಗಿಸಿ ಪಕ್ಕದ ಮರದ ತಲೆ ಹಿಡಿದು ದಾಟುತ್ತಾನೆ, ನೆಲಕ್ಕೆ ಇಳಿಯುವುದೇ ಇಲ್ಲ. ಫೋನಿನಲ್ಲೂ ಹಾಗೆಯೇ. ಒಂದು ಆ್ಯಪಿನಿಂದ ಮನೆಪರದೆಗೆ ಇಳಿದು, ಹುಡುಕಿ, ಇನ್ನೊಂದಕ್ಕೆ ಹತ್ತುವುದು ಹೊಸಬರ ದಾರಿ. ಈಗಿನ ಫೋನುಗಳಲ್ಲಿ ಪರದೆಯ ಕೆಳ ಅಂಚಿನಲ್ಲಿರುವ ಗೆರೆಯ ಮೇಲೆ ಬೆರಳನ್ನು ಅಡ್ಡಕ್ಕೆ ಸರಿಸಿದರೆ ಸಾಕು, ಹಿಂದಿನ ಆ್ಯಪಿಗೆ ನೇರವಾಗಿ ದಾಟಬಹುದು. 2009ರಲ್ಲಿ ಬಂದ ಪಾಮ್ ಪ್ರೀ ಎಂಬ ಫೋನಿನಲ್ಲಿ ತೆರೆದ ಆ್ಯಪುಗಳನ್ನು ಕಾರ್ಡುಗಳಂತೆ ಸಾಲಾಗಿ ತೋರಿಸಿ, ಬೇಡವಾದದ್ದನ್ನು ಬೆರಳಿನಿಂದ ಮೇಲಕ್ಕೆ ಎಸೆಯುವ ಪದ್ಧತಿ ಇತ್ತು. ಆ ಕಂಪೆನಿ ಉಳಿಯಲಿಲ್ಲ. ಆ ಕಾರ್ಡುಗಳು ಮಾತ್ರ ಇಂದು ಎಲ್ಲರ ಫೋನಿನಲ್ಲೂ ಇವೆ. ಆ್ಯಂಡ್ರಾಯ್ಡಿನಲ್ಲಿ ಪರದೆಯನ್ನು ಎರಡಾಗಿ ಹಂಚುವ ಸೌಕರ್ಯ ಎಲ್ಲರಿಗೂ ದೊರೆತದ್ದು 2016ರ ಏಳನೆಯ ಆವೃತ್ತಿಯಿಂದ. 2019ರ ಹತ್ತನೆಯ ಆವೃತ್ತಿಯಲ್ಲಿ ಕೆಳಗಿನ ಮೂರು ಗುಂಡಿಗಳ ಬದಲು ಈ ಎಳೆದಾಟದ ಪದ್ಧತಿ ಬಂತು.

ಎಳೆದಾಟದಲ್ಲಿ ನಮ್ಮ ವಯಸ್ಸಿನವರಿಗೆ ಒಂದು ಪೇಚು ಇದೆ. ಕೆಳಗಿನಿಂದ ಮೇಲಕ್ಕೆ ಬೇಗ ಎಳೆದರೆ ಮನೆಪರದೆ; ಎಳೆದು ತಡೆದರೆ ಆ್ಯಪುಗಳ ಸಾಲು; ಬದಿಯಿಂದ ಒಳಕ್ಕೆ ಎಳೆದರೆ ಹಿಂದಿನ ಪುಟ. ಒಂದೇ ಬೆರಳು, ಒಂದೇ ಚಲನೆ, ತಡೆದ ಕ್ಷಣದ ಮೇಲೆ ಅರ್ಥ ಬೇರೆ. ಕೈ ನಡುಗುವವರಿಗೆ ಇದು ಒಗ್ಗುವುದಿಲ್ಲ. ಅವರು ಸೆಟ್ಟಿಂಗ್ಸ್‌ನಲ್ಲಿ ‘ನ್ಯಾವಿಗೇಶನ್’ ಎಂಬಲ್ಲಿಗೆ ಹೋಗಿ ಹಳೆಯ ಮೂರು ಗುಂಡಿಗಳನ್ನೇ ಮರಳಿ ಪಡೆಯಬಹುದು. ನಾವು ಹಾಗೆಯೇ ಮಾಡಿಕೊಂಡಿದ್ದೇವೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು ಬೆರಳಿನ ವಿಷಯ. “ನನ್ನ ಬೆರಳು ಕಂಡರೆ ಫೋನಿಗೆ ಆಗದು” ಎಂದು ಹೇಳುವ ಸದಸ್ಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದು ಬರಿಯ ತಮಾಷೆಯಲ್ಲ. ಈಗಿನ ಫೋನಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಾಹಕ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಹರಡಿರುತ್ತವೆ, ಅವುಗಳಲ್ಲಿ ಅತಿ ಸ್ವಲ್ಪ ವಿದ್ಯುತ್ ಆವೇಶ. ನಮ್ಮ ದೇಹ ವಾಹಕವಾದ್ದರಿಂದ ಬೆರಳು ಹತ್ತಿರ ಬಂದಾಗ ಆ ಜಾಗದ ಆವೇಶ ಒಂದಿಷ್ಟು ಬೆರಳ ಕಡೆ ಸರಿಯುತ್ತದೆ. ಎಲ್ಲಿ ವ್ಯತ್ಯಾಸವಾಯಿತೆಂದು ಫೋನು ಸೆಕೆಂಡಿಗೆ ಹತ್ತಾರು ಸಲ ಅಳೆಯುತ್ತಲೇ ಇರುತ್ತದೆ. ಒತ್ತುವ ಬಲಕ್ಕೆ ಇಲ್ಲಿ ಬೆಲೆಯಿಲ್ಲ. ಅಡಿಕೆ ಸುಲಿದು, ಚೊಗರು ಹತ್ತಿ, ತುದಿ ದಪ್ಪಗಟ್ಟಿ ಒಣಗಿದ ಬೆರಳಿನಿಂದ ಆವೇಶ ಸರಿಯುವುದು ಕಡಿಮೆ. ಆದ್ದರಿಂದ ಫೋನು ಗುರುತಿಸುವುದಿಲ್ಲ. ನಾವು ಸಿಟ್ಟಿನಿಂದ ಇನ್ನಷ್ಟು ಬಲವಾಗಿ ಒತ್ತುತ್ತೇವೆ. ಬೆರಳ ತುದಿಗೆ ತುಸು ನೀರು ಸವರಿ ಒರೆಸಿದರೆ ಅಥವಾ ತುದಿಯ ಬದಲು ಬೆರಳ ಮೆತ್ತನೆಯ ಭಾಗವನ್ನು ಮುಟ್ಟಿಸಿದರೆ ಕೆಲಸವಾಗುತ್ತದೆ. ಕೆಲವು ಫೋನುಗಳಲ್ಲಿ ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸುವ ಆಯ್ಕೆಯೂ ಇದೆ. ಮಳೆಹನಿ ಬಿದ್ದ ಪರದೆಯಲ್ಲಿ ಇದಕ್ಕೆ ವಿರುದ್ಧ: ನೀರೂ ವಾಹಕವಾದ್ದರಿಂದ ಹನಿಯನ್ನೇ ಬೆರಳೆಂದು ತಿಳಿದು ಫೋನು ತನಗೆ ತಾನೇ ಏನೇನೋ ಒತ್ತಿಕೊಳ್ಳುತ್ತದೆ. ಬೋರ್ಡೋ ದ್ರಾವಣ ಮೆತ್ತಿದ ಕೈಯಲ್ಲಿ ಫೋನು ಹಿಡಿಯುವವರಿಗೆ ಹೇಳುವುದು ಒಂದೇ ಮಾತು, ಮೊದಲು ಕೈ ತೊಳೆಯಿರಿ. ಫೋನಿಗಾಗಿ ಅಲ್ಲ, ನಿಮಗಾಗಿ.

ಈ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಇ. ಎ. ಜಾನ್ಸನ್ ಎಂಬವರು 1965ರಲ್ಲೇ ಸ್ಪರ್ಶ ಪರದೆಯನ್ನು ಕುರಿತು ಬರೆದಿದ್ದರು. ಅವರ ಉದ್ದೇಶ ವಿಮಾನ ಸಂಚಾರದ ನಿಯಂತ್ರಣ. ಹಲವು ಬೆರಳುಗಳನ್ನು ಒಮ್ಮೆಲೇ ಗುರುತಿಸುವ ಯಂತ್ರವನ್ನು 1982ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ನಿಮೀಶ್ ಮೆಹ್ತಾ ಎಂಬವರು ರಚಿಸಿದರು. ಅಮೆರಿಕದ ಡೆಲವೇರ್‌ನಲ್ಲಿ ವೇಯ್ನ್ ವೆಸ್ಟರ್‌ಮನ್ ಎಂಬ ವಿದ್ಯಾರ್ಥಿಗೆ ಬೆರಳಚ್ಚು ಮಾಡಿ ಮಾಡಿ ಕೈ ನೋವು ಹತ್ತಿತ್ತು. ಆ ನೋವಿನಿಂದಲೇ ಹುಟ್ಟಿದ ಹಗುರ ಸ್ಪರ್ಶದ ಕಂಪೆನಿಯನ್ನು 2005ರಲ್ಲಿ ಆ್ಯಪಲ್ ಕೊಂಡಿತು. 2007ರಲ್ಲಿ ಐಫೋನ್ ಬಂತು. ತಮಾಷೆಯೆಂದರೆ, ಅಷ್ಟು ಹೆಸರಾದ ಆ ಫೋನಿನಲ್ಲಿ ಒಂದು ಕಡೆಯ ಬರಹವನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವ ಸೌಕರ್ಯ ಬರಲು 2009ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಅಮೆರಿಕದವರೂ ಅಂಗೈ ಮೇಲೆ ಬರೆದುಕೊಂಡಿರಬೇಕು!

ಆದರೆ ಕನ್ನಡಿಗರಾದ ನಾವು ನೆನೆಯಬೇಕಾದದ್ದು ಸಿಂಪ್ಯೂಟರನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪೆನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಒಂದು ಟ್ರಸ್ಟ್ ಮಾಡಿದರು. ಓದುಬರಹ ಬಾರದವನೂ ಬಳಸಬಲ್ಲ, ಅಗ್ಗದ, ಹಲವು ಭಾಷೆಗಳ ಅಂಗೈ ಗಣಕಯಂತ್ರ ಅವರ ಗುರಿ. 2001ರಲ್ಲಿ ಮಾದರಿ ತೋರಿಸಿದರು. ಕಡ್ಡಿಯಿಂದ ಪರದೆಯನ್ನು ಮುಟ್ಟಿ ನಡೆಸುವುದು. ಬರಹವನ್ನು ಕನ್ನಡದಲ್ಲೇ ಓದಿ ಹೇಳುವುದು. ಒಂದೇ ಯಂತ್ರವನ್ನು ಊರವರೆಲ್ಲ ಹಂಚಿಕೊಳ್ಳಲು ಒಬ್ಬೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್. ಈ ಕೊನೆಯ ಆಲೋಚನೆ ಸಹಕಾರಿಗಳಾದ ನಮಗೆ ಬಹಳ ಮೆಚ್ಚುಗೆಯಾದದ್ದು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗಿ, ಸುಮಾರು ಹತ್ತು ಸಾವಿರ ರೂಪಾಯಿಯಿಂದ ಮೇಲ್ಪಟ್ಟ ಬೆಲೆಗೆ ಮಾರುಕಟ್ಟೆಗೆ ಬಂತು. ಯಂತ್ರವನ್ನು ಓರೆ ಮಾಡಿದರೆ ಅದನ್ನು ಅರಿಯುವ ಶಕ್ತಿಯೂ ಅದರಲ್ಲಿತ್ತು, ಐಫೋನಿಗೆ ಮೂರು ವರ್ಷ ಮೊದಲು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಅದನ್ನು ಬಳಸಿ ನೋಡಿತ್ತು.

ಅದು ಮಾರಾಟವಾದದ್ದು ಕೆಲವೇ ಸಾವಿರ. ಅಗ್ಗದ ಮೊಬೈಲು ಊರೂರಿಗೆ ಬಂದಾಗ ಅದನ್ನು ಕೇಳುವವರಿಲ್ಲವಾದರು. ಅದರ ಪರದೆ ಒತ್ತುವ ಬಲದಿಂದ ನಡೆಯುವ ಬಗೆಯದು. ಎರಡು ತೆಳು ಪದರಗಳು ಒತ್ತಿದಲ್ಲಿ ಒಂದನ್ನೊಂದು ಮುಟ್ಟುತ್ತವೆ. ಉಗುರಾದರೂ ಸೈ, ಕಡ್ಡಿಯಾದರೂ ಸೈ, ಚೊಗರು ಹತ್ತಿದ ಬೆರಳಾದರೂ ಸೈ. ನಮ್ಮ ಕೈಗೆ ಅದೇ ಒಳ್ಳೆಯದಿತ್ತು ಎಂದು ನಮಗೆ ಈಗಲೂ ಅನಿಸುವುದುಂಟು. ಆದರೆ ಅಂಥ ಪರದೆಗೆ ಒಮ್ಮೆಗೆ ಒಂದೇ ಬಿಂದು ಅರ್ಥವಾಗುವುದು. ಎರಡು ಬೆರಳಿಟ್ಟರೆ ನಡುವಿನ ಯಾವುದೋ ಜಾಗವನ್ನು ಮುಟ್ಟಿದಂತೆ ತಿಳಿಯುತ್ತದೆ. ಎರಡು ಬೆರಳು ಅಗಲಿಸಿ ಪಹಣಿಯ ಸಣ್ಣ ಅಕ್ಷರವನ್ನು ಹಿಗ್ಗಿಸಿ ಓದುವ ಸುಖ ಅದರಲ್ಲಿ ಇರಲಿಲ್ಲ.

ಪರದೆಯನ್ನು ಎರಡಾಗಿಸಿದಾಗ ಕನ್ನಡಕ್ಕೆ ಒಂದು ತೊಡಕು ಬರುತ್ತದೆ. ಕೀಲಿಮಣೆ ಮೇಲೆದ್ದು ಉಳಿದ ಜಾಗವನ್ನು ನುಂಗುತ್ತದೆ. ನಮ್ಮ ಅಕ್ಷರಕ್ಕೆ ಒತ್ತುಗಳೂ ಹೆಚ್ಚು. ‘ಕ್ಷೇತ್ರ’ ಎಂದು ಬರೆಯಲು ಏಳು ಸಲ ಮುಟ್ಟಬೇಕು. ಕೆ. ಪಿ. ರಾವ್ ಅವರು ಗಣಕಕ್ಕೆ ಹೊಂದಿಸಿಕೊಟ್ಟ ಕೀಲಿಮಣೆಯ ತರ್ಕ ಎಷ್ಟೇ ಸೊಗಸಾದರೂ ದಪ್ಪ ಬೆರಳಿಗೆ ಸಣ್ಣ ಮನೆ ಸಣ್ಣದೇ. 2017ರಿಂದ ಗೂಗಲ್ಲಿನ ಧ್ವನಿ ಸೌಕರ್ಯ ಕನ್ನಡಕ್ಕೂ ಬಂದಿದೆ. ಕೀಲಿಮಣೆಯ ಮೈಕಿನ ಗುರುತು ಮುಟ್ಟಿ ಮಾತಾಡಿದರೆ ಬರೆದುಕೊಳ್ಳುತ್ತದೆ. ನಮ್ಮ ಸೀಮೆಯ ಆಡುನುಡಿಯಲ್ಲಿ ಹೇಳಿದರೆ ವಿಚಿತ್ರವಾಗಿ ಬರೆಯುತ್ತದೆ; ಶಾಲೆಯ ಮಾಸ್ತರರಂತೆ ಗ್ರಾಂಥಿಕವಾಗಿ ಮಾತಾಡಬೇಕು.

ಓ.ಟಿ.ಪಿ.ಗಾಗಿ ಫಾರಂ ಬಿಟ್ಟು ಹೋಗಬೇಕಾಗಿಲ್ಲ ಎಂಬುದನ್ನು ಒತ್ತಿ ಹೇಳುತ್ತೇವೆ. ಸಂದೇಶ ಬಂದ ಸದ್ದು ಕೇಳಿದೊಡನೆ ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಕ್ಕೆ ಎಳೆಯಿರಿ. ಅಟ್ಟದ ಮೇಲಿನ ಚಾಪೆ ಇಳಿಬಿಟ್ಟಂತೆ ಸಂದೇಶ ಕಾಣುತ್ತದೆ. ಅಂಕಿ ಓದಿಕೊಂಡು ಮೇಲಕ್ಕೆ ತಳ್ಳಿರಿ. ಫಾರಂ ಇದ್ದಲ್ಲೇ ಇರುತ್ತದೆ. ಕಳೆದ ಮಳೆಗಾಲದಲ್ಲಿ ಇದೊಂದನ್ನು ನಾವು ಹೇಳಿದ್ದರೆ ಸಾಕಿತ್ತು.

ಮತ್ತೊಂದು ಎಚ್ಚರಿಕೆ. ಒಂದು ಕೈಯಲ್ಲಿ ಕರೆ, ಇನ್ನೊಂದು ಕೈಯಲ್ಲಿ ಆ್ಯಪು ಎಂಬ ಈ ಸೌಕರ್ಯವನ್ನೇ ವಂಚಕರು ಹಿಡಿದುಕೊಂಡಿದ್ದಾರೆ. “ಕರೆ ಕತ್ತರಿಸಬೇಡಿ, ಮಾತಾಡುತ್ತಲೇ ಈ ಆ್ಯಪು ಹಾಕಿಕೊಳ್ಳಿ, ಅಲ್ಲಿ ಒಪ್ಪಿಗೆ ಒತ್ತಿ” ಎನ್ನುತ್ತಾರೆ. ಆ ಆ್ಯಪು ನಿಮ್ಮ ಪರದೆಯನ್ನು ಅವರಿಗೆ ತೋರಿಸುವಂಥದು. ಮುಂದೆ ನೀವು ನೋಡುವುದನ್ನೆಲ್ಲ ಅವರೂ ನೋಡುತ್ತಾರೆ. ನಿಮ್ಮ ಖಾತೆಗೆ ಹಣ ಬರಲು ಗುಪ್ತ ಸಂಖ್ಯೆ ಒತ್ತಬೇಕಾಗಿಲ್ಲ. ಯಾರಾದರೂ ಹಾಗೆಂದರೆ ಕರೆಯನ್ನು ಮೊದಲು ಕತ್ತರಿಸಿರಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಿರಿ. ಕುಳಗೇರಿ ಕ್ರಾಸಿನ ಹುಡುಗ ಮುಖ ತಿರುಗಿಸಿ ಕುಳಿತದ್ದು ನಮಗೆ ಪದೇ ಪದೇ ನೆನಪಾಗುವುದು ಇದೇ ಕಾರಣಕ್ಕೆ. ಆರಂಭದಲ್ಲಿ ನಾವು ಅವನನ್ನೇ ಅನುಮಾನಿಸಿ ಹಿರಿಯರ ಪಕ್ಕಕ್ಕೆ ಸರಿದು ಕುಳಿತಿದ್ದೆವು.

ಕಾಫಿ ಇರುವವರಿಗೆ ಈ ಅಭ್ಯಾಸ ಇನ್ನೂ ಬೇಕಾಗುತ್ತದೆ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತಳತೆಯ ನಕ್ಷೆಯೇ ಬೇಕು. ಜಾರಿಯ ದಿನವನ್ನು ಮುಂದೂಡಿದ್ದಾರೆ, ಕೈಬಿಟ್ಟಿಲ್ಲ. ತೋಟದ ಮೂಲೆಯಲ್ಲಿ ನಿಂತು ನಕ್ಷೆ ಒಂದು ಕಡೆ, ಪಹಣಿಯ ಸರ್ವೆ ನಂಬರು ಇನ್ನೊಂದು ಕಡೆ ನೋಡುತ್ತ ತುಂಬುವ ಕೆಲಸ ಅದು, ಜಿಗಣೆ ಕಾಲಿಗೆ ಹತ್ತುತ್ತಿರುವಾಗ.

ಮೇಳದಿಂದ ಮರಳಿದ ಮೇಲೆ ಆಡಳಿತ ಮಂಡಳಿಯಲ್ಲಿ ವಿಷಯ ಮಂಡಿಸಿದೆವು. ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಚೇರಿಯಲ್ಲಿ ಫೋನಿನ ಕೆಲಸಕ್ಕಾಗಿಯೇ ಒಬ್ಬರು ಕುಳಿತಿರುತ್ತಾರೆ. ಫೋನು ತಮ್ಮ ಕೈಯಲ್ಲೇ ಇರುತ್ತದೆ. ನಾವು ಬಾಯಿಯಲ್ಲಿ ಮಾತ್ರ ಹೇಳುತ್ತೇವೆ. ಮೊದಲ ಶನಿವಾರ ಬಂದವರಲ್ಲಿ ನಮ್ಮ ಆ ಹಿರಿಯರೂ ಇದ್ದರು. ಕೇಳಲು ಬಂದವರಲ್ಲ, ಇನ್ನಿಬ್ಬರಿಗೆ ಪರದೆ ಹಂಚುವುದನ್ನು ಹೇಳಿಕೊಡಲು ಬಂದವರು. ಬರುವಾಗ ಕನ್ನಡಕ, ಪಾಸ್‌ಬುಕ್ಕು, ಚಾರ್ಜು ಇರುವ ಫೋನು ತರಬೇಕು. ಕೈ ಒರೆಸಿಕೊಳ್ಳಲು ಬಟ್ಟೆ ನಮ್ಮಲ್ಲೇ ಇದೆ.

ಕಾರ್ಯದರ್ಶಿ